ಮಾವ ನೆಲದಿಂದ ಎದ್ದ ಬಗೆ

ನಾನು ರಾಯಲ್ಪಾಡಿನಿಂದ ಹುತ್ತೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಮಳೆ ಹಿಡಿಯಿತೆಂದು ಅಡಿಗೆಮನೆಯಿಂದ ಅಂಗಳಕ್ಕೆ ಓಡಿದ್ದೆ. ಒಣಹಾಕಿದ ಮೆಣಸಿನಕಾಯಿ ನೆನೆಯುತ್ತದೆಂಬ ಗಾಬರಿ. ಹೋಗಿ ನೋಡಿದರೆ ಅಂಗಳದ ತುಂಬ ಬಿಸಿಲು. ಜಗಲಿಯ ಮೇಲೆ ಕೂತಿದ್ದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಳೆ ಅಲ್ಲ ತಾಯಿ, ಹುಳ. ಸೊಪ್ಪು ತಿಂತಾವೆ, ಹೋಗಿ ನೋಡು."

ಹುಳುಮನೆಯ ಬಾಗಿಲು ತೆಗೆದೆ. ನಸುಗತ್ತಲಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಅವುಗಳ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಬಿಳಿ ರೇಷ್ಮೆಹುಳುಗಳು. ಸಾವಿರಾರು ಸಣ್ಣ ಬಾಯಿಗಳು ಒಟ್ಟಿಗೆ ಮೆಲ್ಲುತ್ತಿದ್ದವು. ನಮ್ಮೂರಿನ ಮಾವಿನ ತೋಪಿನ ಮೇಲೆ ಜಡಿಮಳೆ ಬೀಳುವಾಗ ಕೇಳುವ ಸದ್ದೇ ಅದು. ಆಮೇಲೆ ವರ್ಷಗಟ್ಟಲೆ ಆ ಸದ್ದು ಕೇಳಿದಾಗಲೆಲ್ಲ ನನಗೆ ಮಾವನ ನಗುವೇ ನೆನಪಾಗುತ್ತಿತ್ತು.

ಆ ನಗು ಎಂಬತ್ತನಾಲ್ಕನೆಯ ಇಸವಿಯಲ್ಲಿ ನಿಂತುಹೋಯಿತು.

ಮಾವನ ಹೆಸರು ಆಂಜಿನಪ್ಪ. ಆಗ ಅವರಿಗೆ ಅರವತ್ತನಾಲ್ಕು ಇದ್ದಿರಬೇಕು. ಮೂತ್ರ ಕಟ್ಟಿ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಬಂದ ಮೇಲೆ, ಗಂಡಸರಿಗೆ ಮಾತ್ರ ಇರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ದಿನಾ ನುಂಗಲು ಒಂದು ಸಣ್ಣ ಮಾತ್ರೆ ಕೊಟ್ಟರು. ಹಾರ್ಮೋನ್ ಮಾತ್ರೆ. ಗಂಡಸಿನ ಮೈಯಲ್ಲಿ ಊರುವ ಯಾವುದೋ ರಸವನ್ನು ತಿಂದು ಆ ರೋಗ ಬೆಳೆಯುತ್ತದಂತೆ, ಮಾತ್ರೆ ಆ ರಸವನ್ನೇ ಬತ್ತಿಸುತ್ತದಂತೆ. ಇದನ್ನೆಲ್ಲ ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ಮಾವನ ಆ ಕಾಯಿಲೆಯ ವಿಷಯ ಸೊಸೆ ಕೇಳುವಂಥದ್ದಲ್ಲ. ರಾಗಿ ಕೇರುವಾಗ, ಮಗುವಿಗೆ ಹಾಲು ಕೊಡುವಾಗ ಚೂರುಚೂರಾಗಿ ಕಿವಿಗೆ ಬಿದ್ದದ್ದನ್ನು ನಾನೇ ಜೋಡಿಸಿಕೊಂಡೆ.

ಮೂರು ತಿಂಗಳಲ್ಲಿ ನೋವು ತಗ್ಗಿತು, ಮೂತ್ರ ಸರಾಗವಾಯಿತು. ಆದರೆ ಮಾವ ಸ್ವಲ್ಪಸ್ವಲ್ಪವಾಗಿ ಬೇರೆಯವರಾಗುತ್ತ ಬಂದರು. ತೊಡೆಗಳು ಸೊರಗಿದವು. ಹೊಟ್ಟೆ, ಸೊಂಟ ಮೆತ್ತಗಾದವು. ಎದೆ ಊದಿಕೊಂಡಿತು. ಬರಿಮೈ ಮೇಲೆ ಒಂದು ಟವಲು ಹಾಕಿಕೊಂಡು ತೋಟ ಸುತ್ತುತ್ತಿದ್ದವರು ಸುಡುಬಿಸಿಲಲ್ಲೂ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ಅದರ ಮೇಲೆ ಟವಲು ಹೊದ್ದು ಕೂರತೊಡಗಿದರು. ನಾನು ಕಾಫಿ ಲೋಟ ಇಟ್ಟು, ಏನೂ ನೋಡದವಳ ಹಾಗೆ ಒಳಗೆ ಬರುತ್ತಿದ್ದೆ.

ಹುಳು ಸಾಕುವ ಮನೆಯವರಿಗೆ ಒಂದು ಪಾಠ ಎಲ್ಲಕ್ಕಿಂತ ಮೊದಲು ಬರುತ್ತದೆ. ಹುಳು ದೊಡ್ಡದಾಗುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಒಂದು ಹಗಲು ಒಂದು ರಾತ್ರಿ ಹುಳು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಧ್ಯಾನಕ್ಕೆ ಕೂತ ಹಾಗೆ ಸುಮ್ಮನಿರುತ್ತದೆ. ಆಗ ತಟ್ಟೆಯನ್ನು ಅಲ್ಲಾಡಿಸಬಾರದು. ಈ ಪಾಠವನ್ನೇ ಅತ್ತೆ ಮಾವನಿಗೂ ಹಾಕಿದರು.

ಅತ್ತೆ ದೊಡ್ಡಮುನಿಯಮ್ಮನ ಮಾತಿಗೆ ಮನೆಯಲ್ಲಿ ಎದುರಿರಲಿಲ್ಲ. "ಮಾತ್ರೆ ಒಳಗೆ ಕೆಲಸ ಮಾಡ್ತಾ ಐತೆ. ಯಾರೂ ಅವರನ್ನ ಅಲ್ಲಾಡಿಸಬ್ಯಾಡಿ. ಜ್ವರಕ್ಕೆ ಕೂತ ಹುಳಾನ ಯಾರಾದ್ರೂ ಮುಟ್ತಾರಾ?" ಅಂದರು.

ನಾವು ಮುಟ್ಟಲಿಲ್ಲ. ನೀರು ಅವರಿದ್ದಲ್ಲಿಗೇ ಹೋಯಿತು, ಊಟ ಅವರಿದ್ದಲ್ಲಿಗೇ ಹೋಯಿತು. ಏಳಬೇಕೆಂದರೆ ಮಗ, ಎಂದರೆ ನನ್ನ ಯಜಮಾನರು, ಒಂದು ರೆಟ್ಟೆ, ಅತ್ತೆ ಇನ್ನೊಂದು ರೆಟ್ಟೆ. ಮಾತ್ರೆಯ ವಾಸನೆ ಹುಳುವಿಗೆ ಆಗುವುದಿಲ್ಲವೆಂದು ಹುಳುಮನೆಯ ಬಾಗಿಲೂ ಅವರಿಗೆ ಮುಚ್ಚಿತು. ಪ್ರೀತಿಯಿಂದಲೇ ಮಾಡಿದೆವು. ಅವರ ಕಾಲುಗಳು ಮಾತ್ರ ದಿನದಿನಕ್ಕೆ ಬಳ್ಳಿಯ ಹಾಗಾದವು.

ನಮ್ಮ ಮನೆಯಲ್ಲಿ ಗಂಡಸರು, ಕೂಲಿಗೆ ಬಂದವರು ಎಲ್ಲರೂ ನಡುಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಕಂಬದ ಪಕ್ಕದ ಮೊದಲ ಜಾಗ ಮಾವನದು. ಒಂದು ದಿನ ಉಂಡಾದ ಮೇಲೆ ಅವರನ್ನು ಇಬ್ಬರು ಹಿಡಿದು ಎತ್ತುವಾಗ ಪಂಚೆ ಸಡಿಲಿತು. ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿ ತಂತಮ್ಮ ಮುದ್ದೆ ನೋಡಿಕೊಂಡರು. ಮರುದಿನದಿಂದ ಮಾವ ಜಗಲಿಯ ಮೇಲೆ ಒಬ್ಬರೇ ಉಂಡರು. ಕಂಬದ ಪಕ್ಕದ ಜಾಗದಲ್ಲಿ ಬೇರೆ ಯಾರೂ ಕೂರಲಿಲ್ಲ. ಊಟ ಬಡಿಸುವಾಗ ನನ್ನ ಕೈ ಅಲ್ಲಿಗೆ ಬಂದು ಒಂದು ಗಳಿಗೆ ತಡೆದು ಮುಂದೆ ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಸೊಪ್ಪು ಕೊಯ್ಯಲು ಹೋಗಿದ್ದರು. ಮನೆಯಲ್ಲಿ ನಾನು, ಹನ್ನೊಂದು ತಿಂಗಳ ನನ್ನ ಮಗಳು ಆದಿಲಕ್ಷ್ಮಿ, ಮತ್ತು ಕೋಣೆಯಲ್ಲಿ ಮಾವ. ಏನೋ ಜಾರಿದ ಸದ್ದಾಯಿತು. ಆದಿಯನ್ನು ಎತ್ತಿಕೊಂಡು ಹೋದೆ. ಮಾವ ಮಂಚದ ಪಕ್ಕ ನೆಲದ ಮೇಲಿದ್ದರು.

"ಬಿದ್ರಾ ಮಾವ?"

"ಬಿದ್ದಿಲ್ಲ ತಾಯಿ. ಕೂತ್ಕೊಂಡೆ. ನೆಲ ತಂಪಾಗೈತೆ."

ಮಗುವನ್ನು ಕೆಳಗಿಳಿಸಿ ಕೈ ಚಾಚಿದೆ. ಅವರು ನನ್ನ ಕೈ ನೋಡಿದರು, ಆಮೇಲೆ ಗೋಡೆ ನೋಡಿದರು. ಅಂಗಿಯ ಮೇಲಿನ ಗುಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು.

"ನೀನು ಹೋಗಮ್ಮ. ಒಲೆ ಮೇಲೆ ಏನೋ ಇಟ್ಟಿದ್ದೀಯ."

ಒಲೆಯ ಮೇಲೆ ನಾನು ಏನೂ ಇಟ್ಟಿರಲಿಲ್ಲ. ಆದರೂ ಹೋದೆ. ಮಗುವನ್ನು ಅಲ್ಲೇ ಬಿಟ್ಟು ಹೋದೆ. ಅಡಿಗೆಮನೆಯ ಬಾಗಿಲಿಂದ ಕೋಣೆಯ ಅರ್ಧ ಕಾಣುತ್ತಿತ್ತು. ಗವಾಕ್ಷಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ದೂಳು ತೇಲುತ್ತಿತ್ತು. ಆ ಬೆಳಕಿನೊಳಗೆ ಆದಿ ಕೂತಿದ್ದಳು. ಆಗಿನ್ನೂ ಅವಳು ಏನನ್ನೂ ಹಿಡಿಯದೆ ಎದ್ದುನಿಲ್ಲುವುದನ್ನು ಕಲಿಯುತ್ತಿದ್ದ ಕಾಲ. ಪಕ್ಕಕ್ಕೆ ತಿರುಗಿದಳು. ಎರಡು ಅಂಗೈ ನೆಲಕ್ಕೆ ಊರಿದಳು. ತಿಕ ಮೇಲೆತ್ತಿ, ಕಾಲುಗಳನ್ನು ಕೈಗಳ ಹತ್ತಿರಕ್ಕೆ ತಂದು, ನೆಲವನ್ನು ನೂಕಿ, ತೂಗಾಡುತ್ತ ನಿಂತಳು. ಮೂರು ಕ್ಷಣ ನಿಂತು ಧೊಪ್ಪನೆ ಕೂತಳು. ಮತ್ತೆ ಪಕ್ಕಕ್ಕೆ ತಿರುಗಿದಳು.

ಮಾವ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರೂ ಪಕ್ಕಕ್ಕೆ ತಿರುಗಿ ಅಂಗೈ ಊರಿದರು. ಮಂಡಿಯವರೆಗೆ ಬಂದರು. ತೋಳು ನಡುಗಿತು. ಮತ್ತೆ ಕೂತುಬಿಟ್ಟರು. ಸಂಜೆ ಮಗ ಬರುವವರೆಗೆ, ಒಂದೂವರೆ ಗಂಟೆ, ಆ ತಂಪು ನೆಲದ ಮೇಲೆ ಕೂತೇ ಇದ್ದರು. ನಾನು ಖಾಲಿ ಒಲೆಯ ಮುಂದೆ ಕೂತಿದ್ದೆ.

ಮರುವಾರ ಆದಿಗೆ ಚುಚ್ಚುಮದ್ದು ಹಾಕಿಸಲು, ಮಾವನನ್ನು ತೋರಿಸಲು ಎಲ್ಲರೂ ಕೋಲಾರಕ್ಕೆ ಹೋದೆವು. ಡಾಕ್ಟರು ಮಾವನ ಕಾಲು ಒತ್ತಿ ನೋಡಿ, "ಎದ್ದು ನಿಂತ್ಕೊಳ್ಳಿ ಆಂಜಿನಪ್ಪ" ಅಂದರು. ರೂಢಿಯಂತೆ ಮಗ ಒಂದು ರೆಟ್ಟೆ, ಅತ್ತೆ ಇನ್ನೊಂದು ರೆಟ್ಟೆ ಹಿಡಿದರು.

"ನಾನು ಕರೆದದ್ದು ಒಬ್ಬರನ್ನ, ಎದ್ದದ್ದು ಮೂರು ಜನ" ಅಂದರು ಡಾಕ್ಟರು. "ಎಷ್ಟು ದಿನದಿಂದ ಹೀಗೆ?"

"ಆರು ತಿಂಗಳಿಂದ ಒಂಚೂರೂ ಅಲ್ಲಾಡಿಸದ ಹಂಗೆ ನೋಡ್ಕೊಂಡಿದ್ದೀವಿ ಸ್ವಾಮಿ" ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು.

"ಅದೇ ತಪ್ಪಾಗಿರೋದು ತಾಯಿ. ಈ ಮಾತ್ರೆ ರೋಗವನ್ನ ತಡೀತದೆ, ನಿಜ. ಆದರೆ ಜೊತೆಗೆ ತೊಡೆಯ ಮಾಂಸಾನೂ ಕರಗಿಸ್ತದೆ, ಮೂಳೇನೂ ಸಡಿಲ ಮಾಡ್ತದೆ. ಮಲಗಿಸಿಬಿಟ್ರೆ ಇನ್ನೂ ಬೇಗ. ಎಕ್ಸ್‌ರೇ ನೋಡಿದ್ದೀನಿ, ರೋಗ ಮೂಳೆಗೆ ಹೋಗಿಲ್ಲ. ಬೆಳಿಗ್ಗೆ ಸಂಜೆ ನಡೀಲಿ. ಕುರ್ಚಿಯಿಂದ ಕೂತು ಏಳಲಿ, ಮೊದಲು ಐದು ಸಲ, ಆಮೇಲೆ ಹತ್ತು. ಕೈಯಲ್ಲಿ ಸ್ವಲ್ಪ ಭಾರ ಎತ್ತಲಿ. ಬೆನ್ನು ನೋವು ಬಂದ್ರೆ ನಿಲ್ಲಿಸಿ ನನ್ನ ಹತ್ರ ಬನ್ನಿ. ಪಕ್ಕದಲ್ಲಿ ಯಾರಾದ್ರೂ ಇರಿ. ಆದರೆ ಎತ್ತಬೇಡಿ."

ಮಾವ ಕೇಳಿದರು: "ನೆಲದ ಮೇಲೆ ಕೂತು ಏಳಬಹುದಾ ಸ್ವಾಮಿ?"

"ಮೊದಲು ಕುರ್ಚಿ. ನೆಲ ಆಮೇಲೆ."

"ಎಷ್ಟು ದಿನಕ್ಕೆ?"

"ಅದನ್ನ ನಿಮ್ಮ ಕಾಲನ್ನೇ ಕೇಳಬೇಕು."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. "ಕಾಯಿಲೆ ಮನುಷ್ಯನ ಕೈಲಿ ಭಾರ ಎತ್ತಿಸ್ತಾರಂತೆ" ಎಂದು ಒಂದೇ ಸಲ ಅಂದರು. ಮಾವ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಅಂದುಕೊಂಡಿದ್ದೆ. ಊರು ಹತ್ತಿರ ಬಂದಾಗ ಕಣ್ಣು ತೆರೆಯದೆಯೇ ಹೇಳಿದರು: "ಈ ಬೆಳೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ನಾನು ಕಂಬದ ಪಕ್ಕ ಕೂತು ಉಣ್ಬೇಕು. ಉಂಡು, ನಾನೇ ಏಳ್ಬೇಕು."

ಆ ವಾರ ಹೊಸ ಮೊಟ್ಟೆ ಒಡೆದು ಇರುವೆಯಷ್ಟು ಸಣ್ಣ ಹುಳುಗಳು ತಟ್ಟೆಗೆ ಇಳಿದಿದ್ದವು.

ಬೆಳಿಗ್ಗೆ ಮಂಜು ಇನ್ನೂ ಹಿಪ್ಪುನೇರಳೆ ಸಾಲುಗಳ ನಡುವೆ ಮಲಗಿರುವಾಗಲೇ ಮಾವ ಹೊರಡುತ್ತಿದ್ದರು. ಮೊದಲ ದಿನ ಹುಣಿಸೆಮರದವರೆಗೆ. ಆಮೇಲೆ ಬಾವಿಯವರೆಗೆ. ಎರಡು ಕೈಯಲ್ಲಿ ಎರಡು ಹಿತ್ತಾಳೆ ಚೊಂಬು, ಚೊಂಬಿನಲ್ಲಿ ಅರ್ಧ ನೀರು. ಮಂಜಿನೊಳಗೆ ಹೋಗುವಾಗ ಮೊದಲು ಕಾಲು ಮಾಯವಾಗುತ್ತಿತ್ತು, ಆಮೇಲೆ ಟವಲು, ಕೊನೆಗೆ ಚೊಂಬಿನ ಹೊಳಪು. ನಾನು ಅಂಗಳ ಗುಡಿಸುತ್ತ ಆ ಹೊಳಪು ತಿರುಗಿ ಬರುವುದನ್ನು ಕಾಯುತ್ತಿದ್ದೆ. ಬಂದ ಮೇಲೆ ಜಗಲಿಯ ಮುಂದೆ ಹಾಕಿದ ಮರದ ಕುರ್ಚಿಯಲ್ಲಿ ಕೂರುವುದು, ಏಳುವುದು.

ಪಕ್ಕದ ಮನೆಯ ಪೆದ್ದಪ್ಪ ಮಾವನ ಜೊತೆ ಗೋಲಿ ಆಡಿದವನು. ಬೇಲಿಯ ಆಚೆ ನಿಂತು ಕೂಗಿದ: "ಏನ್ಲಾ ಆಂಜಿನಿ, ಈ ವಯಸ್ಸಲ್ಲಿ ಗರಡಿಗೆ ಸೇರಿದ್ಯಾ?"

"ಸೇರಿದೀನಿ ಕಣೋ. ಅಗೋ ನಮ್ಮ ಉಸ್ತಾದ್. ಇನ್ನೂ ಪೂರ್ತಿ ಹಲ್ಲು ಬಂದಿಲ್ಲ" ಎಂದು ಮಾವ ಆದಿಯನ್ನು ತೋರಿಸಿದರು.

ನೆಲದ ಪಾಠ ಮಾತ್ರ ಕೋಣೆಯೊಳಗೆ ನಡೆಯುತ್ತಿತ್ತು. ಅದರ ಬಗ್ಗೆ ನಾನೂ ಮಾವನೂ ಒಂದು ಮಾತೂ ಆಡಿಕೊಳ್ಳಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು, ಆದಿಯನ್ನು ಕೋಣೆಯ ಹೊಸ್ತಿಲಿನ ಆ ಕಡೆ ಕೂರಿಸಿ, ಈ ಕಡೆ ನಾನು ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದೆ. ಬೆನ್ನು ಒಳಕ್ಕೆ, ಮುಖ ಹೊರಕ್ಕೆ. ಮಗುವಿಗೆ ಹೇಳುತ್ತಿದ್ದೆ: "ಮೊದಲು ಪಕ್ಕಕ್ಕೆ ತಿರುಗು ಪುಟ್ಟಿ. ಎರಡು ಕೈ ನೆಲಕ್ಕೆ. ಈಗ ಮಂಡಿ. ಒಂದು ಕಾಲು ಮುಂದೆ ತಗೋ. ಮೆಲ್ಲಗಾ, ಮೆಲ್ಲಗಾ." ಆತುರವಾದಾಗ ನಮ್ಮಮ್ಮನ ತೆಲುಗು ನನ್ನ ಬಾಯಿಗೆ ಬಂದುಬಿಡುತ್ತಿತ್ತು.

ಹಿಂದೆ ಎರಡು ಉಸಿರು ಕೇಳುತ್ತಿತ್ತು. ಒಂದು ಸಣ್ಣದು, ಒಂದು ದೊಡ್ಡದು. ನಾನು ತಿರುಗಿ ನೋಡುತ್ತಿರಲಿಲ್ಲ.

ಹುಳುಗಳಿಗೆ ಒಂದು ಜ್ವರ ಕಳೆಯಿತು, ಎರಡು, ಮೂರು, ನಾಲ್ಕು. ಹುಳುಮನೆಯೊಳಗೆ ಜಡಿಮಳೆ ಶುರುವಾಯಿತು, ಒಂದು ವಾರ ಹೊಡೆಯಿತು, ನಿಂತಿತು. ಹುಳುಗಳು ಹಣ್ಣಾದವು. ಮಾವ ಕುರ್ಚಿಯಿಂದ ಹತ್ತು ಸಲ ಏಳುತ್ತಿದ್ದರು. ನೆಲದಿಂದ ಏಳಲಿಲ್ಲ. ಆ ರಾತ್ರಿಯೂ ಜಗಲಿಯ ಮೇಲೆಯೇ ಉಂಡರು. ಮುದ್ದೆ ಅರ್ಧ ಉಳಿಯಿತು.

ಅದಾದ ಮೇಲೆ ಎರಡು ದಿನ ಚೊಂಬುಗಳು ಗೋಡೆಯ ಗೂಡಿನಲ್ಲೇ ಇದ್ದವು. ನನ್ನ ಯಜಮಾನರು ನನ್ನ ಮೇಲೆಯೇ ಸಿಡುಕಿದರು. "ಅಪ್ಪನ್ನ ಮಗು ಜೊತೆ ಅಂಬೆಗಾಲು ಹಾಕಿಸ್ತೀಯಂತೆ. ಅಮ್ಮ ನೋಡಿ ಕಣ್ಣೀರು ಹಾಕ್ತಾ ಇದ್ಲು. ನಾವಿಲ್ವಾ ಎತ್ತೋಕೆ?"

"ನೀವಿದ್ದೀರಿ" ಅಂದೆ. "ಅವತ್ತು ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಒಂದೂವರೆ ಗಂಟೆ ನೆಲದ ಮೇಲೆ ಕೂತಿದ್ರು. ನನ್ನ ಕೈ ಹಿಡೀಲಿಲ್ಲ."

ಮೂರನೆಯ ಬೆಳಿಗ್ಗೆ ನೋಡಿದರೆ ಎರಡು ಚೊಂಬುಗಳೂ ಹುಣಿಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಜಗಲಿಯ ಮೇಲೆ ಕೂತಿದ್ದವು. ನಾನು ಬೆಳಗಿರಲಿಲ್ಲ. ಅತ್ತೆಯ ಕೈಬೆರಳುಗಳು ಹುಳಿಗೆ ಬಿಳಿಚಿಕೊಂಡಿದ್ದವು.

ಮುಂದಿನ ಬೆಳೆ ಬೇಸಿಗೆಯಲ್ಲಿ ಬಂತು. ಅಷ್ಟರಲ್ಲಿ ಆದಿ ಮನೆಯೆಲ್ಲ ಓಡಾಡುತ್ತಿದ್ದಳು. ಗುರು ಮುಂದೆ ಹೋಗಿಬಿಟ್ಟಿದ್ದಳು, ಶಿಷ್ಯರು ಇನ್ನೂ ಮಂಡಿಯಲ್ಲೇ ಇದ್ದರು. ಆದರೆ ಚೊಂಬುಗಳ ಕಂಠದವರೆಗೆ ನೀರಿತ್ತು. ಬಾವಿಯಿಂದ ಬರುವಾಗ ಹೆಗಲ ಮೇಲೆ ಸೊಪ್ಪಿನ ಒಂದು ಸಣ್ಣ ಕಂತೆ ಇರುತ್ತಿತ್ತು.

ಹುಳು ಹಣ್ಣಾಗುವ ದಿನ ಹೇಳಿಕೇಳಿ ಬರುವುದಿಲ್ಲ. ಆ ದಿನ ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಹುಳುಗಳು ತಿನ್ನುವುದು ಬಿಟ್ಟು ತಲೆ ಆಡಿಸುತ್ತ ನೂಲು ಸುತ್ತಲು ಜಾಗ ಹುಡುಕುತ್ತಿದ್ದವು. ಅವುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯ ಮೇಲೆ ಹಾಕಬೇಕು. ತಡವಾದರೆ ಸೊಪ್ಪಿನಲ್ಲೇ ನೂಲು ಕಟ್ಟಿ ಹಾಳು. ಬರಬೇಕಿದ್ದ ಇಬ್ಬರು ಕೂಲಿಯವರು ಗೌನಿಪಲ್ಲಿಗೆ ಮಾವಿನಕಾಯಿ ಕೀಳಲು ಹೋಗಿಬಿಟ್ಟಿದ್ದರು.

ಮಾವ ಹುಳುಮನೆಯ ಬಾಗಿಲಿಗೆ ಬಂದು ನಿಂತರು. ಅತ್ತೆ ಅವರ ಎರಡೂ ಅಂಗೈ ಹಿಡಿದು ಮೂಸಿ ನೋಡಿದರು.

"ಸೋಪು ಹಾಕಿಲ್ಲ ತಾನೇ?"

"ಬೂದಿ ಹಚ್ಚಿ ಮೂರು ಸಲ ತೊಳ್ದಿದೀನಿ. ಇನ್ನೂ ಮೂಸ್ತೀಯಾ?"

"ಬನ್ನಿ, ಬನ್ನಿ. ಬಾಗಿಲಲ್ಲಿ ನಿಂತು ಗಾಳಿ ತಡೀಬ್ಯಾಡಿ."

ಮಾವ ಒಳಗೆ ಬಂದು, ಗೋಡೆಗೆ ಕೈಯಿಟ್ಟು, ನಿಧಾನವಾಗಿ ನೆಲದ ಮೇಲೆ ಕೂತರು. ಹಣ್ಣಾದ ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಅದು ಹಳದಿ ದ್ರಾಕ್ಷಿಯ ಹಾಗೆ ಒಳಗಿನಿಂದ ಹೊಳೆಯುತ್ತದೆ. ಮಾವನ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಕಿಟಕಿಗಳಿಗೆ ಗೋಣಿ ಕಟ್ಟಿದ ಆ ಕೋಣೆಯಲ್ಲಿ ಸೆಕೆ ಏರಿತು. ಒಂದು ಹೊತ್ತಿನಲ್ಲಿ ನೋಡಿದರೆ ಮಾವ ಅಂಗಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಹೆಗಲ ಮೇಲೆ ಬರೀ ಟವಲು. ಯಾರೂ ನೋಡಲಿಲ್ಲ ಎನ್ನುವಂತಿಲ್ಲ, ಎಲ್ಲರೂ ನೋಡಿದೆವು. ಆದರೆ ಎಲ್ಲರ ಬೆರಳುಗಳ ನಡುವೆಯೂ ಹುಳುವಿತ್ತು. ಹಳದಿ ಬೆಳಕು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿತ್ತು, ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮಧ್ಯಾಹ್ನ ತಿರುಗಿದ ಮೇಲೆ ಕೊನೆಯ ಚಂದ್ರಿಕೆ ತುಂಬಿತು. ನಾನು ಹೋಗಿ ಮುದ್ದೆ ತಿರುವಿ ಬಂದು ಊಟಕ್ಕೆ ಕರೆದೆ. ಎಲ್ಲರೂ ಎದ್ದರು. ಮಾವ ಕೂತಿದ್ದರು.

ಪಕ್ಕಕ್ಕೆ ತಿರುಗಿದರು. ಅಂಗೈ ನೆಲಕ್ಕೆ ಊರಿದರು. ಮಂಡಿಗೆ ಬಂದರು. ಒಂದು ಕಾಲು ಮುಂದೆ ತಂದರು. ಅಲ್ಲಿ ನಿಂತರು. ತೊಡೆ ಗಡಗಡ ನಡುಗುತ್ತಿತ್ತು. ನನ್ನ ಯಜಮಾನರು ಬಗ್ಗಿ ಕೈ ಚಾಚಿದರು.

"ಸೀನ, ಕೈ ತೆಗಿ" ಅಂದರು ಅತ್ತೆ.

"ಅಮ್ಮ, ಬಿದ್ದುಬಿಡ್ತಾರೆ."

"ಪಕ್ಕದಲ್ಲಿ ನಿಂತ್ಕೊ. ಮುಟ್ಟಬ್ಯಾಡ. ಪೊರೇನ ಹುಳಾನೇ ಬಿಡಿಸ್ಕೋಬೇಕು ಕಣೋ. ನಾವು ಎಳೆದ್ರೆ ಹುಳ ಉಳಿಯಲ್ಲ. ಇಷ್ಟು ವರ್ಷ ಹುಳ ಸಾಕಿದ ನನಗೇ ಗೊತ್ತಾಗಲಿಲ್ಲ."

ಎಲ್ಲಿದ್ದಳೋ ಆದಿ ಓಡಿಬಂದಳು. ತಾತನನ್ನು ನೋಡಿ, ಅವಳಿಗೆ ಈಗ ಬೇಕಿಲ್ಲದಿದ್ದರೂ, ಪಕ್ಕದಲ್ಲಿ ಅಂಬೆಗಾಲಿಗೆ ಬಿದ್ದು ತಿಕ ಮೇಲೆತ್ತಿದಳು. ನನ್ನ ತುಟಿ ತಾನಾಗಿ ಅಲುಗಿತು: "ಮೆಲ್ಲಗಾ, ಮೆಲ್ಲಗಾ." ಈ ಸಲ ನಾನು ಬೆನ್ನು ತಿರುಗಿಸಿರಲಿಲ್ಲ. ಮಾವ ನನ್ನ ಕಡೆ ನೋಡಿದರು. ಎರಡೂ ಕೈಯನ್ನು ಮುಂದಿನ ಮಂಡಿಯ ಮೇಲಿಟ್ಟು, ಹಲ್ಲು ಕಚ್ಚಿ, ನೂಕಿದರು.

ನಿಂತರು. ಒಂದು ಸಲ ತೂಗಾಡಿದರು, ಆದಿಯ ಹಾಗೆಯೇ. ಆಮೇಲೆ ನೆಟ್ಟಗಾದರು. ಅವರ ಕೈ ಯಾರನ್ನೂ, ಏನನ್ನೂ ಹಿಡಿದಿರಲಿಲ್ಲ.

"ನನ್ನ ತಟ್ಟೆ ಎಲ್ಲಿ ಹಾಕಿದ್ದೀಯ ತಾಯಿ?"

"ಕಂಬದ ಪಕ್ಕ ಮಾವ."

"ಹ್ಞೂ" ಅಂದರು.

ಊಟದ ಸಾಲು ಬಹಳ ದಿನಗಳ ಮೇಲೆ ತುಂಬಿತ್ತು. ಬಸ್ಸಾರು ಎರಡನೆಯ ಸಲ ಬಡಿಸುತ್ತಿದ್ದೆ. ಎಲ್ಲಿಂದಲೋ ಆ ಸದ್ದು ಕೇಳಿತು, ಸಾವಿರಾರು ಸಣ್ಣ ಬಾಯಿಗಳ ಸದ್ದು. ನಾನು ಲಕ್ಷ್ಯ ಕೊಡದೆ ಬಡಿಸುತ್ತ ಹೋದೆ. ಮಾವ ಕೈಯಲ್ಲಿದ್ದ ತುತ್ತು ನಿಲ್ಲಿಸಿ ಕಿವಿಗೊಟ್ಟರು.

"ಹುಳ ತಿನ್ನೋದು ಬಿಟ್ಟಾಯ್ತಲ್ಲ ತಾಯಿ. ಇದು ಮಳೆ. ನಿನ್ನ ಮೆಣಸಿನಕಾಯಿ!"

ಅತ್ತೆ, ನಾನು, ಎಂಜಲು ಕೈಯಲ್ಲೇ ಯಜಮಾನರು ಅಂಗಳಕ್ಕೆ ಓಡಿದೆವು. ಚಾಪೆಯ ನಾಲ್ಕು ಮೂಲೆ ಹಿಡಿದು, ಮೆಣಸಿನಕಾಯಿ ಚೆಲ್ಲುತ್ತ, ಬೈದುಕೊಳ್ಳುತ್ತ, ನೆನೆಯುತ್ತ ಜಗಲಿಗೆ ಎಳೆದು ತಂದೆವು. ಮಣ್ಣಿನ ವಾಸನೆ ಏಳುತ್ತಿತ್ತು. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಮಾವ, ಆದಿಯ ಕೈ ಹಿಡಿದುಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ ನಿಂತಿದ್ದರು.

ಅವರು ಊಟದ ಸಾಲಿನಿಂದ ಯಾವಾಗ ಎದ್ದರೋ, ಹೇಗೆ ಎದ್ದರೋ, ನಮ್ಮಲ್ಲಿ ಯಾರೂ ನೋಡಿರಲಿಲ್ಲ.